ಹದಿನೆಂಟನೆಯ ಮನೆ

೬ ಜುಲೈ ೧೯೬೪, ಸೋಮವಾರ

ಹೊಸ ಕೆಲಸಕ್ಕೆ ಸೇರಿದೆ. ಕಚೇರಿ ಯಲಹಂಕ ಸ್ಟೇಷನ್ನಿನ ಹಿಂದೆ, ಮೊದಲು ರಾಗಿ ಮಂಡಿಯಾಗಿದ್ದ ಕಟ್ಟಡದಲ್ಲಿದೆ. ನೆಲ ಗುಡಿಸಿದಷ್ಟೂ ರಾಗಿ ಬರುತ್ತದೆ. ಬಾಗಿಲ ಮೇಲೆ ಮಾಜಿ ಸೈನಿಕರ ಕ್ಷೇಮ ಕಚೇರಿ ಎಂದು ಬೋರ್ಡು. ಮೇಲಧಿಕಾರಿ ಆವಲಪ್ಪನವರು ಸೈನ್ಯದಲ್ಲಿದ್ದವರಲ್ಲ. ಮೊದಲು ರೇಷ್ಮೆ ಇಲಾಖೆಯಲ್ಲಿದ್ದರಂತೆ.

ನನ್ನ ಹುದ್ದೆಯನ್ನು ಅವರು ಎರಡು ಸಲ ವಿವರಿಸಿದರು. "ನೋಡಿ ಸಿಸ್ಟರ್, ನೀವು ಸೈನಿಕರನ್ನ ನೋಡಕ್ಕೆ ಹೋಗೋದಲ್ಲ. ಸೈನಿಕರನ್ನ ನೋಡ್ಕೊಳ್ಳೋರನ್ನ ನೋಡಕ್ಕೆ ಹೋಗೋದು. ಹೆಂಡ್ತಿ, ತಾಯಿ, ಯಾರಿರ್ತಾರೋ ಅವರು. ಅವರಿಗೇನ್ ಕಷ್ಟ, ಏನ್ ಕಲಿಸ್ಬೇಕು, ಯಾರ ಸಹಾಯ ಕೊಡಿಸ್ಬೇಕು, ಅದು ನಿಮ್ ಕೆಲಸ."

ಅವರು ಕೊಟ್ಟ ಕಾರ್ಡಿನಲ್ಲಿ ಸೈನಿಕನ ಹೆಸರು, ನಂಬರು, ರೆಜಿಮೆಂಟು, ಗಾಯ ಇವಿಷ್ಟಕ್ಕೆ ಜಾಗವಿತ್ತು. ನೋಡಿಕೊಳ್ಳುವವರ ಹೆಸರನ್ನು ಎಲ್ಲಿ ಬರೆಯಬೇಕೆಂದು ಕೇಳಿದೆ. ಕಾರ್ಡನ್ನು ತಿರುಗಿಸಿ ನೋಡಿದರು.

"ಹಿಂದುಗಡೆ ಬರೀರಿ," ಎಂದರು.

ಹದಿನೇಳು ಮನೆಗಳು. ಆಸ್ಪತ್ರೆಯ ವಾರ್ಡಿಗಿಂತ ಕಡಿಮೆ. ಕೆಲಸದ ಅರ್ಜಿಯಲ್ಲಿ 'ಮನೆಯಲ್ಲಿರುವ ಅವಲಂಬಿತರು' ಎಂಬ ಕಡೆ ಇಲ್ಲ ಎಂದು ಬರೆದಿದ್ದೆ. ಅಣ್ಣ ಅವಲಂಬಿತನಲ್ಲ. ಹೇಳಿದ ಹೊತ್ತಿಗೆ ಊಟ ಮಾಡುತ್ತಾನೆ, ಹೇಳಿದ ಹೊತ್ತಿಗೆ ಮಲಗುತ್ತಾನೆ. ಬರ್ಮಾದಿಂದ ಬಂದ ಮೇಲೆ ಮಾತು ಕಡಿಮೆ, ಅಷ್ಟೆ.

ಬೆಳಿಗ್ಗೆ ಎಂಟೂವರೆಗೆ ಬೀಗ ಹಾಕಿ ಹೊರಟೆ. ಮತ್ತಿಕೆರೆಯಿಂದ ಯಶವಂತಪುರದವರೆಗೆ ನಡಿಗೆ, ಅಲ್ಲಿಂದ ರೈಲು. ಸಂಜೆ ಆರಕ್ಕೆ ಬಂದು ಬೀಗ ತೆಗೆದೆ. ಅಣ್ಣ ಬೆಳಿಗ್ಗೆ ಕೂತಿದ್ದ ಜಾಗದಲ್ಲೇ ಕೂತಿದ್ದ.

೯ ಜುಲೈ, ಗುರುವಾರ

ಯಲಹಂಕ ಹಳೆಯ ಪೇಟೆಯಲ್ಲಿ ದೊಡ್ಡಮುನಿಯಮ್ಮನವರ ಮನೆ. ವಯಸ್ಸು ಎಪ್ಪತ್ತರ ಹತ್ತಿರ. ಮಗ ಪಿಳ್ಳಪ್ಪ ಹವಾಲ್ದಾರನಾಗಿದ್ದವರು, ಇಟಲಿಯಲ್ಲಿ ಮಂಡಿಯ ಕೆಳಗೆ ಎಡಗಾಲು ಕಳೆದುಕೊಂಡಿದ್ದಾರೆ. ಜಗಲಿಯ ಮೇಲೆ ಕೂತು ಹೋಗಿಬರುವವರ ನಡಿಗೆಯನ್ನು ತಿದ್ದುವುದು ಅವರ ಕೆಲಸ.

ನಾನು ಕಾರ್ಡಿನ ಹಿಂಬದಿ ತಿರುಗಿಸಿ ಅಜ್ಜಿಯನ್ನು ಕೇಳಿದೆ. "ನಿಮಗೇನು ಕಷ್ಟ ಹೇಳಿ."

"ಕಾಲು ಓಗೈತಲ್ಲವ್ವ."

"ಅದು ಅವರದ್ದು. ನಿಮಗೆ?"

"ನನ್ಗೇನ್ ಕಷ್ಟ? ಕಾಲು ಓಗಿರೋದು ಅವನ್ದು."

"ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದೀರಲ್ಲ."

"ಅದಕ್ ಮುಂಚೆ ಇಪ್ಪತ್ತೈದು ವರ್ಷ ನೋಡ್ಕಂಡಿವ್ನಿ. ಆಗ ಯಾರೂ ಕೇಳ್ಕಂಡ್ ಬರ್ಲಿಲ್ಲ. ಕೂತ್ಕೋ, ಮಜ್ಜಿಗೆ ಕೊಡ್ತೀನಿ."

ಹಿಂಬದಿಯಲ್ಲಿ ಏನೂ ಬರೆಯಲಾಗಲಿಲ್ಲ. ಬೆನ್ನು ಬಾಗಿದೆ, ಬಲಗೈ ಮೇಲೆತ್ತಲು ಬರುವುದಿಲ್ಲ. ಮಗನನ್ನು ಎತ್ತಿ ಕೂರಿಸಿ ಆಗಿರಬೇಕು. ಎತ್ತುವ ಕ್ರಮ ತೋರಿಸಿದೆ. ಪಿಳ್ಳಪ್ಪ ಅಮ್ಮನಿಗೆ, "ನೋಡು, ಇಷ್ಟ್ ವರ್ಷ ನೀನು ನನ್ನ ತಪ್ಪಾಗಿ ಎತ್ತಿದೀಯ," ಎಂದರು.

ನಮ್ಮ ಮನೆಯ ಬಾಗಿಲು ಕಿರುಗುಟ್ಟುವುದು ನಿಂತಿದೆ. ಮಳೆಗಾಲದಲ್ಲಿ ಮರ ಹಿಗ್ಗಿ ಹೆಚ್ಚಾಗಬೇಕಿತ್ತು.

೧೪ ಜುಲೈ, ಮಂಗಳವಾರ

ಕೋಗಿಲು. ಯಲಹಂಕದಿಂದ ಹೊಲದ ಬದುವಿನ ಮೇಲೆ ಮುಕ್ಕಾಲು ಗಂಟೆ ನಡಿಗೆ. ಊರಿನ ಕೊನೆಯ ಮನೆಗೆ ಬೀಗ ಹಾಕಿತ್ತು. ಮನೆಯಲ್ಲಿ ಯಾರೂ ಇಲ್ಲವೆಂದು ಹಿಂದಿರುಗುವಾಗ ಕಿಟಕಿಯಲ್ಲಿ ಒಬ್ಬರು ನಿಂತಿರುವುದು ಕಂಡಿತು. ಕೈಯಲ್ಲಿ ಕೋಲು, ಭುಜಕ್ಕೆ ಸರಿಯಾಗಿ. ನಾನು ಹತ್ತಿರ ಹೋದಾಗ, "ಥಮ್. ಕೌನ್ ಹೈ?" ಎಂದರು. ನಿಲ್ಲು, ಯಾರದು ಎಂದು ಪಹರೆಯವರು ಕೇಳುವ ಹಿಂದೂಸ್ತಾನಿ. ನರ್ಸ್ ಎಂದೆ. ಅದು ಸರಿಯಾದ ಉತ್ತರವಾಗಿರಲಿಲ್ಲ.

ಒಂದು ಗಂಟೆಯ ಮೇಲೆ ಹೆಂಡತಿ ಗೌರಮ್ಮ ಹೊಲದಿಂದ ಬಂದು ಬೀಗ ತೆಗೆದಳು. ಇಪ್ಪತ್ತೆಂಟು ವರ್ಷವಿರಬಹುದು. ಗಂಡ ಚಿಕ್ಕಹನುಮಯ್ಯ ಚೀನಾ ಗಡಿಯ ಹಿಮದಲ್ಲಿ ಎರಡೂ ಕಾಲಿನ ಬೆರಳುಗಳನ್ನು ಕಳೆದುಕೊಂಡವರು. ತಲೆಗೂ ಪೆಟ್ಟು ಬಿದ್ದಿದೆ. ಬೀಗ ಹಾಕದಿದ್ದರೆ ನಡೆದು ಹೋಗುತ್ತಾರಂತೆ. ಎರಡು ಸಲ ರೈಲು ಹಳಿಯ ಮೇಲೆ ಸಿಕ್ಕಿದ್ದಾರೆ. ಒಂದು ಸಲ ಯಲಹಂಕದ ವಾಯುಪಡೆಯ ಗೇಟಿನಲ್ಲಿ ಪಹರೆಗೆ ನಿಂತಿದ್ದರು. ಅಲ್ಲಿಯವರು ಟೀ ಕೊಟ್ಟು ಕಳಿಸಿದರಂತೆ.

"ಕೂತ್ಕಳಿ ಅಂದ್ರೂ ಕೂರಲ್ಲ," ಎಂದಳು. "ನಾನ್ ಬರಗಂಟ ನಿಂತೇ ಇರ್ತಾರೆ. ಬಂದ್ ಮೇಲೂ ನಿಂತಿರ್ತಾರೆ."

ಪಾದಗಳು ಊದಿ ಮಿರುಗುತ್ತಿದ್ದವು. ಬೆರಳಿದ್ದ ಜಾಗದಲ್ಲಿ ಹುಣ್ಣು. ತೊಳೆದು ಕಟ್ಟಿದೆ. ಅದನ್ನು ಹೇಗೆ ಮಾಡಬೇಕೆಂದು ಗೌರಮ್ಮನಿಗೆ ತೋರಿಸಿದೆ. ಬೇಗ ಕಲಿತಳು.

ಕಚೇರಿಗೆ ಬಂದು ವರದಿ ಬರೆದೆ. "ರೋಗಿಯನ್ನು ದಿನವೂ ಮೂರು ನಾಲ್ಕು ಗಂಟೆ ಕಾಲ ಬೀಗ ಹಾಕಿ ಕೂಡಿಡಲಾಗುತ್ತಿದೆ. ಇದು ಅವರ ಆರೋಗ್ಯಕ್ಕೆ ಹಾನಿಕರ, ಮನುಷ್ಯತ್ವಕ್ಕೆ ಒಪ್ಪುವಂಥದ್ದಲ್ಲ." ಎರಡನೆಯ ವಾಕ್ಯ ಬೇಕಿರಲಿಲ್ಲವೇನೋ. ಅಕ್ಷರ ಚೆನ್ನಾಗಿ ಬಂದಿತ್ತು, ಬಿಟ್ಟೆ.

ರೈಲು ತಡ. ಆರೂವರೆಗೆ ಬಂದು ಬೀಗ ತೆಗೆದೆ. ಅಣ್ಣ ಚೆನ್ನಾಗಿದ್ದ.

೧೫ ಜುಲೈ, ಬುಧವಾರ

ಹಿತ್ತಾಳೆ ಲೋಟದ ಮೇಲೆ ಕಪ್ಪು ಹೆಬ್ಬೆಟ್ಟಿನ ಗುರುತು. ಸೀಮೆಎಣ್ಣೆ ಸ್ಟೌವಿನ ಮಸಿ. ಬತ್ತಿ ಬದಲಾಯಿಸಬೇಕು.

ನಮ್ಮ ಮನೆಯದು ಬೇರೆ. ಅಣ್ಣ ನಿಂತಿರುವುದಿಲ್ಲ, ಕೂತಿರುತ್ತಾನೆ. ಅಲ್ಲದೆ ೪೬ರಲ್ಲಿ ಒಂದು ಸಲ ಬಾಗಿಲು ತೆರೆದಿಟ್ಟು ಹೋಗಿದ್ದೆ. ಹನ್ನೊಂದು ದಿನದ ಮೇಲೆ ತುಮಕೂರು ಸ್ಟೇಷನ್ನಿನಲ್ಲಿ ಸಿಕ್ಕಿದ. ಆ ಹನ್ನೊಂದು ದಿನ ಏನು ತಿಂದ, ಎಲ್ಲಿ ಮಲಗಿದ, ಹೇಳಿಲ್ಲ. ನಾನೂ ಕೇಳಿಲ್ಲ.

೨೮ ಜುಲೈ, ಮಂಗಳವಾರ

ಆವಲಪ್ಪನವರು ಕರೆದು ಕಾಫಿ ತರಿಸಿದರು. ನನ್ನ ವರದಿಗೆ ಮೇಲಿನಿಂದ ಉತ್ತರ ಬಂದಿತ್ತು.

"ನಾನು ಎರಡು ವರ್ಷದಿಂದ ಬರೀತಿದೀನಿ, ಒಂದಕ್ಕೂ ಉತ್ತರ ಇಲ್ಲ. ನಿಮ್ದು ಮೊದಲ ವರದಿಗೇ ಕ್ರಮ. ಭಾಷೆ ಹಂಗಿದೆ."

ಕ್ರಮವೇನೆಂದರೆ, ಚಿಕ್ಕಹನುಮಯ್ಯನನ್ನು ಅಂಗವಿಕಲ ಸೈನಿಕರ ಆಶ್ರಮಕ್ಕೆ ಕಳಿಸುವುದು. ಆಶ್ರಮ ಉತ್ತರದಲ್ಲಿದೆ, ಎರಡು ದಿನದ ರೈಲು. ಆಗಸ್ಟ್ ೨೯ರಂದು ಮೇಜರ್ ಡಾಕ್ಟರ್ ಬಂದು ನೋಡುತ್ತಾರೆ. ಹೆಂಡತಿ ಇಲ್ಲದ ಹೊತ್ತಿನಲ್ಲೂ ಬೀಗವಿಲ್ಲದೆ, ಇನ್ನೊಬ್ಬರ ವಶದಲ್ಲಿ ಅವರು ಇರಬಲ್ಲರು ಎಂದು ಡಾಕ್ಟರಿಗೆ ಅನ್ನಿಸಿದರೆ ಮಾತ್ರ ಮನೆಯಲ್ಲಿ ಬಿಡಬಹುದು.

"ಹಾಗೆ ಇನ್ನೊಬ್ಬರು ಯಾರೂ ಇಲ್ಲ," ಎಂದೆ.

"ಹಂಗಾದ್ರೆ ಕಳಿಸ್ತಾರೆ. ನೀವು ಬರೆದಿದ್ದೂ ಅದೇ ಅಲ್ವಾ?"

ಕಾಫಿಗೆ ಸಕ್ಕರೆ ಹೆಚ್ಚಾಗಿತ್ತು.

೩೦ ಜುಲೈ, ಗುರುವಾರ

ಕೋಗಿಲಿಗೆ ಹೋಗಿ ಗೌರಮ್ಮನಿಗೆ ಹೇಳಿದೆ. ಅವಳು ರಾಗಿ ಬೀಸುತ್ತಿದ್ದವಳು ನಿಲ್ಲಿಸಲಿಲ್ಲ.

"ನೀವೇ ಬರುದ್ರಾ?"

"ಬರೆದೆ."

ಕಲ್ಲು ಇನ್ನೂ ಹತ್ತು ಸುತ್ತು ತಿರುಗಿತು.

"ಅಲ್ಲಿ ಮುದ್ದೆ ಕೊಡ್ತಾರಾ?"

"ಕೊಡಲಿಕ್ಕಿಲ್ಲ."

"ಅವ್ರ ಜತೆ ನಾನೂ ಓಗ್ಬೋದಾ?"

"ಅವರೊಬ್ಬರನ್ನೇ ಇಟ್ಟುಕೊಳ್ಳುತ್ತಾರೆ."

ಕಲ್ಲು ನಿಂತಿತು. ಅವಳು ಗಂಡನ ಕಡೆ ನೋಡಿದಳು. ಅವರು ಬಾಗಿಲ ಬಳಿ ನಿಂತು ಕೆರೆಯ ದಿಕ್ಕನ್ನು ಕಾಯುತ್ತಿದ್ದರು. "ಮದ್ವೆಯಾಗಿ ಎಂಟ್ ವರ್ಷ, ನರ್ಸಮ್ಮ. ಅದ್ರಾಗೆ ಆರ್ ವರ್ಷ ಸರ್ಕಾರ ಇಟ್ಕಂಡಿತ್ತು. ಈಗ ನನ್ ಪಾಲು. ಬೆರಳಿಲ್ಲ ಅಂತ ನಾನೇನ್ ವಾಪಸ್ ಕಳ್ಸುದ್ನಾ?"

ಇದಕ್ಕೆ ಕಾರ್ಡಿನಲ್ಲಿ ಜಾಗವಿಲ್ಲ. ಕುಡಿಯಲು ನೀರು ಕೊಟ್ಟಳು. ಕುಡಿದು ಬಂದೆ.

೪ ಆಗಸ್ಟ್, ಮಂಗಳವಾರ

ದೊಡ್ಡಮುನಿಯಮ್ಮನವರಿಗೆ ಕೋಗಿಲಿನ ವಿಷಯ ಹೇಗೋ ತಿಳಿದಿದೆ. ನಾನೇ ಹೇಳಿದ್ದೇನೆ ಎಂದರು. ಇರಬಹುದು.

"ಅದಕ್ಯಾಕವ್ವ ಯೋಚ್ನೆ? ಮುಯ್ಯಾಳು ಮಾಡ್ಕಂಡ್ರಾಯ್ತು. ನಾನು ಅವಳ ಮನ್ಯಾಗೆ ಒಂದ್ ದಿನ, ಅವಳು ನಮ್ಮನ್ಯಾಗೆ ಒಂದ್ ದಿನ. ಕಳೆ ಕೀಳಕ್ಕೆ ಅಂಗೇ ಅಲ್ವಾ ಮಾಡೋದು? ಇವತ್ತು ನಿನ್ನ ಒಲಕ್ಕೆ ನಾನು, ನಾಳೆ ನನ್ನ ಒಲಕ್ಕೆ ನೀನು."

ರೋಗಿಯ ಶುಶ್ರೂಷೆ ಕಳೆ ಕೀಳುವ ಕೆಲಸವಲ್ಲ, ತರಬೇತಿ ಬೇಕು ಎಂದೆ.

"ಊ. ಕಳೆ ಕೀಳಕ್ಕೂ ಬೇಕು. ನೀನು ಬಂದ್ರೆ ಪೈರೇ ಕಿತ್ತಾಕ್ತೀಯ."

ಆವಲಪ್ಪನವರನ್ನು ಕೇಳಿದೆ. ಮುಯ್ಯಾಳಿಗೆ ಇಲಾಖೆಯ ಆದೇಶವಿಲ್ಲ, ನಿಷೇಧವೂ ಇಲ್ಲ ಎಂದರು.

೧೧ ಆಗಸ್ಟ್, ಮಂಗಳವಾರ

ಇವತ್ತು ಕಂಡದ್ದನ್ನು ಯಾವ ಶೀರ್ಷಿಕೆಯಲ್ಲಿ ಬರೆಯಬೇಕೋ ತಿಳಿಯುವುದಿಲ್ಲ.

ದೊಡ್ಡಮುನಿಯಮ್ಮನವರು ಒಬ್ಬರೇ ಬರಲಿಲ್ಲ. ಮಗನನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಬಂದರು. ಅವನನ್ನು ಬಿಟ್ಟು ಬರಲು ಯಾರೂ ಇಲ್ಲವಂತೆ. ಒಬ್ಬ ರೋಗಿಯನ್ನು ನೋಡಿಕೊಳ್ಳಲು ಇನ್ನೊಬ್ಬ ರೋಗಿಯನ್ನು ತಂದಂತಾಯಿತು ಎಂದು ನಾನು ಹೇಳುವಷ್ಟರಲ್ಲಿ ಪಿಳ್ಳಪ್ಪ ಊರುಗೋಲಿನ ಮೇಲೆ ಬಾಗಿಲಿಗೆ ಬಂದಿದ್ದರು.

"ಥಮ್. ಕೌನ್ ಹೈ?" ಎಂದರು ಚಿಕ್ಕಹನುಮಯ್ಯ.

"ಬದ್ಲಿ," ಎಂದರು ಪಿಳ್ಳಪ್ಪ.

ಚಿಕ್ಕಹನುಮಯ್ಯ ಕೋಲನ್ನು ಅವರ ಕೈಗೆ ಕೊಟ್ಟರು. ಮೂರು ಹೆಜ್ಜೆ ಒಳಗೆ ಹೋದರು, ಗೋಡೆಗೆ ಒರಗಿ ಕೂತರು, ಕಾಲು ಚಾಚಿದರು. ಹತ್ತು ನಿಮಿಷದಲ್ಲಿ ಗೊರಕೆ ಕೇಳಿಸಿತು.

ಗೌರಮ್ಮ ಬಹಳ ಹೊತ್ತು ನೋಡುತ್ತಿದ್ದಳು. "ವರ್ಷದಿಂದ ಕೂತ್ಕಳಿ ಕೂತ್ಕಳಿ ಅಂತ ಏಳ್ತಾನೇ ಇವ್ನಿ," ಎಂದಳು.

"ಪಹರೆಯವ್ನು ಬದಲಿ ಬರ್ದೆ ಹೆಂಗ್ ಕೂರ್ತಾನಮ್ಮ?" ಎಂದರು ಪಿಳ್ಳಪ್ಪ. "ಕೂತ್ರೆ ಕೋರ್ಟ್ ಮಾರ್ಷಲ್. ಇವನು ಬದಲಿ ಹುಡುಕ್ಕೊಂಡೇ ರೈಲ್ ಹಳಿಗೆ ಹೋಗಿರೋದು. ಒಳ್ಳೆ ಸಿಪಾಯಿ."

ಹೆಂಗಸರಿಬ್ಬರೂ ಕಳೆ ಕೀಳಲು ಹೊಲಕ್ಕೆ ಹೋದರು. ಸಂಜೆಯವರೆಗೆ ಮನೆಗೆ ಬೀಗವಿರಲಿಲ್ಲ. ಪಿಳ್ಳಪ್ಪ ಬಾಗಿಲಲ್ಲಿ ಒಂಟಿಕಾಲಿನ ಮೇಲೆ ಒಂದು ಗಂಟೆ, ಸ್ಟೂಲಿನ ಮೇಲೆ ಒಂದು ಗಂಟೆ. ಹವಾಲ್ದಾರನಿಗೆ ಸ್ಟೂಲು ಉಂಟಂತೆ.

ಮಧ್ಯಾಹ್ನ ಚಿಕ್ಕಹನುಮಯ್ಯ ಎದ್ದು ಮತ್ತೆ ಕೋಲು ಹಿಡಿದು ನಿಂತರು. ನಾನು ಪ್ರಯತ್ನ ಮಾಡಿದೆ. ಯೂನಿಫಾರಂ ಹಾಕಿಕೊಂಡಿದ್ದೆ, ಬೆಲ್ಟೂ ಇತ್ತು. "ಬದ್ಲಿ" ಎಂದೆ. ಅವರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ಕಾರ್ಡು ನೋಡಿದರು. ಅಲ್ಲಾಡಲಿಲ್ಲ. ಗೌರಮ್ಮನಿಗೂ ಆಗಲಿಲ್ಲ. ಅವಳು ಹೇಳಿದಾಗ ನಕ್ಕುಬಿಟ್ಟರು.

"ಗೌರಮ್ಮ ಹೆಂಡ್ತಿ, ಅವಳು ಹೇಗೆ ಬದಲಿ ಆಗ್ತಾಳೆ?" ಎಂದರು ಪಿಳ್ಳಪ್ಪ.

"ನಾನು?"

"ಬದಲಿ ಅಂದ್ರೆ ನಿಲ್ಲಕ್ಕೆ ಬಂದೋರು, ಸಿಸ್ಟರ್. ನೀವು ಬರ್ಕೊಂಡ್ ಹೋಗಕ್ಕೆ ಬಂದೋರು. ತಲೆಗೆ ಪೆಟ್ಟಾಗಿದ್ರೂ ಅಷ್ಟು ಗೊತ್ತಾಗುತ್ತೆ."

ಬರೆದುಕೊಂಡು ಬಂದೆ.

೨೦ ಆಗಸ್ಟ್, ಗುರುವಾರ

ವಾರಕ್ಕೆ ಮೂರು ದಿನ ಮುಯ್ಯಾಳು ನಡೆಯುತ್ತಿದೆ. ಗೌರಮ್ಮನ ಕಳೆ ಮುಗಿದಿದೆ, ಈಗ ಅವಳು ಯಲಹಂಕಕ್ಕೆ ಹೋಗಿ ಅಜ್ಜಿಯ ಮನೆಯ ನೀರು ಸೇದುತ್ತಾಳೆ. ಅಜ್ಜಿಗೆ ಬಲಗೈ ಸ್ವಲ್ಪ ಮೇಲೆ ಬರುತ್ತಿದೆ. ಚಿಕ್ಕಹನುಮಯ್ಯನ ಕಾಲಿನ ಹುಣ್ಣು ಮಾಯುತ್ತಿದೆ. ಇವೆಲ್ಲ ಕಾರ್ಡಿನ ಹಿಂಬದಿಯಲ್ಲಿ ತುಂಬಿ ಬೇರೆ ಹಾಳೆ ಅಂಟಿಸಿದ್ದೇನೆ.

ಊಟದ ಹೊತ್ತಿನಲ್ಲಿ ಅಣ್ಣ "ಉಪ್ಪು" ಎಂದ. ಈ ತಿಂಗಳ ಎರಡನೆಯ ಮಾತು. ಸಾರಿಗೆ ಉಪ್ಪು ಹಾಕಿರಲಿಲ್ಲ. ಅವನ ಉಗುರಿನ ಸಂದಿಯಲ್ಲಿ ಕಪ್ಪು. ಹೊಸ ಬತ್ತಿಯೂ ಮಸಿ ಹಿಡಿಯುತ್ತಿದೆ.

೨೭ ಆಗಸ್ಟ್, ಗುರುವಾರ

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಸಂಜೆ ಆರಕ್ಕೆ ಮನೆಗೆ ಬಂದೆ. ಬೀಗ ಬೆಳಿಗ್ಗೆ ಹಾಕಿದಂತೆಯೇ ಇತ್ತು. ಎಳೆದು ನೋಡಿದೆ, ಭದ್ರವಾಗಿತ್ತು. ಕೀಲಿ ಹಾಕಿ ತೆಗೆದೆ. ಒಳಗೆ ದೊಡ್ಡಮುನಿಯಮ್ಮನವರು ಚಾಪೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

"ಬಾರವ್ವ," ಎಂದರು, ನನ್ನ ಮನೆಗೆ ನನ್ನನ್ನು.

ಅಣ್ಣ ಸ್ಟೌವಿನ ಬಳಿ ಇದ್ದ. ಅವನಿಗೆ ಕಾಫಿ ಮಾಡಲು ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಯಾವಾಗ ಬಂದಿರಿ ಎಂದು ಅಜ್ಜಿಯನ್ನು ಕೇಳಿದೆ. ಕೇಳಬೇಕಾಗಿದ್ದುದು ಹೇಗೆ ಬಂದಿರಿ ಎಂದು.

"ಮಧ್ಯಾನ. ಬೀಗ ನೋಡಿ ವಾಪಸ್ ಓಗನ ಅಂತಿದ್ದೆ. ಮೂಲೆ ಸೈಕಲ್ ಶಾಪ್‌ನೋರು, ನರ್ಸಮ್ಮನ ಅಣ್ಣ ಇಲ್ಲೇ ಅವ್ರೆ ಕೇಳಿ ಅಂದ್ರು. ಇವ್ರು ಚಕ್ರದ ಕಡ್ಡಿ ಬಿಗಿ ಮಾಡ್ತಾ ಕೂತಿದ್ರು. ಕರ್ಕಂಡ್ ಬಂದ್ರು."

"ಬೀಗ?"

ಅಜ್ಜಿ ಅಣ್ಣನ ಕಡೆ ನೋಡಿದರು. ಅಣ್ಣ ಎದ್ದು ಬಾಗಿಲ ಹಿಂದೆ ಹೋದ. ಬಾಗಿಲಿನ ಕೀಲುಗಳು ಒಳಗಡೆ ಇವೆ. ಪ್ರತಿ ಕೀಲಿನಲ್ಲೂ ಒಂದು ಕಡ್ಡಿ. ಎರಡು ಬೆರಳಿನಲ್ಲಿ ಎರಡೂ ಕಡ್ಡಿಗಳನ್ನು ಮೇಲಕ್ಕೆ ಎಳೆದ. ಎಣ್ಣೆ ಹಾಕಿದ್ದ, ಸದ್ದೇ ಆಗಲಿಲ್ಲ. ಹೊರಗೆ ಬೀಗವಿದ್ದರೂ ಬಾಗಿಲು ಬೀಗದ ಕಡೆಯಿಂದ ತೂಗಿಕೊಂಡು, ಒಬ್ಬರು ಹೋಗುವಷ್ಟು ತೆರೆದುಕೊಳ್ಳುತ್ತದೆ. ತೋರಿಸಿ, ಮತ್ತೆ ಕಡ್ಡಿ ಸೇರಿಸಿದ. ಸೈನ್ಯದ ವರ್ಕ್‌ಶಾಪಿನಲ್ಲಿ ಅವನು ಫಿಟ್ಟರ್ ಆಗಿದ್ದ. ಅದು ನನಗೆ ತಿಳಿದೇ ಇತ್ತು.

ಕಾಫಿ ಮುಗಿಯುವ ಮೊದಲೇ ಸೈಕಲ್ ಶಾಪಿಗೆ ಹೋದೆ. ಖಾದರ್ ಬಾಷಾ ಅಂಗಡಿ ಮುಚ್ಚುತ್ತಿದ್ದರು.

"ಐದು ವರ್ಷ ಆಯ್ತಲ್ಲಕ್ಕಾ," ಎಂದರು. "ನೀವು ಎಂಟೂವರೆಗೆ ಹೋಗ್ತೀರ, ಇವ್ರು ಒಂಬತ್ತಕ್ಕೆ ಬರ್ತಾರೆ. ಐದೂವರೆಗೆ ವಾಪಸ್. ಮಾತಿಲ್ಲ ಕತೆಯಿಲ್ಲ, ಚಕ್ರ ಮಾತ್ರ ದಾರ ಹಿಡಿದಂಗೆ ತಿರುಗುತ್ತೆ. ನಿಮಗೆ ಗೊತ್ತಿಲ್ವಾ?"

"ಗೊತ್ತಿರಲಿಲ್ಲ."

"ಗೊತ್ತಿದ್ದೂ ಬೀಗ ಹಾಕ್ತೀರಿ, ಅದು ನಿಮ್ ಮನೇಲಿ ಪದ್ಧತಿ ಇರ್ಬೇಕು ಅಂದ್ಕೊಂಡಿದ್ವಿ. ಇಡೀ ಬೀದಿ ಹಂಗೇ ಅಂದ್ಕೊಂಡಿದೆ."

ಹಿಂದಿರುಗಿದೆ. ಬೀಗ ಯಾಕೆ ಸಹಿಸಿಕೊಂಡ ಎಂದು ಅಣ್ಣನನ್ನು ಕೇಳಲಿಲ್ಲ. ಅಜ್ಜಿಯೇ ಹೇಳಿದರು. "ನಾನ್ ಕೇಳ್ದೆ, ನಿಮ್ ತಂಗೀಗೆ ಏಳ್ಬಾರ್ದಾ ಅಂತ. ಬೀಗ ಇದ್ರೆ ಅವಳು ನೆಮ್ಮದಿಯಾಗಿ ಕೆಲಸಕ್ಕೆ ಹೋಗ್ತಾಳೆ, ಅಂದ್ರು."

ಹದಿನೆಂಟು ವರ್ಷದಲ್ಲಿ ಅವನು ಆಡಿದ ಅತಿ ದೊಡ್ಡ ವಾಕ್ಯ. ಆಡಿದ್ದು ನನ್ನ ಹತ್ತಿರವಲ್ಲ.

ಅಜ್ಜಿ ಬಂದ ಕಾರಣ: ಪಿಳ್ಳಪ್ಪನಿಗೆ ಜ್ವರ, ಯಶವಂತಪುರದ ಆಸ್ಪತ್ರೆಗೆ ಸೇರಿಸಿದ್ದಾರೆ, ಅಲ್ಲಿಂದ ನಮ್ಮ ಮನೆ ಕೇಳಿಕೊಂಡು ಬಂದದ್ದು. ಶನಿವಾರ ಡಾಕ್ಟರ್ ಬಂದಾಗ ಕೋಗಿಲಿನಲ್ಲಿ ಬದಲಿ ಇರುವುದಿಲ್ಲ. ಬದಲಿ ಇಲ್ಲದಿದ್ದರೆ ಚಿಕ್ಕಹನುಮಯ್ಯ ಎರಡು ದಿನದ ರೈಲು ಹತ್ತುತ್ತಾರೆ. ನಾನು ಏನು ಮಾಡಬಹುದೆಂದು ಯೋಚಿಸುತ್ತಿದ್ದೆ.

"ಇವ್ರೂ ಮಿಲ್ಟ್ರಿನೇ ಅಲ್ವಾ," ಎಂದರು ಅಜ್ಜಿ. "ಶನಿವಾರ ಬರ್ತೀರಾ ಅಂತ ಕೇಳ್ದೆ. ತಲೆ ಆಡ್ಸುದ್ರು. ನೀನೂ ಜತೆಗ್ ಬಾ."

೨೮ ಆಗಸ್ಟ್, ಶುಕ್ರವಾರ

ಬೆಳಿಗ್ಗೆ ಬೀಗ ಕೈಯಲ್ಲಿ ಹಿಡಿದು ಹಾಕಲೋ ಬೇಡವೋ ಎಂದು ನಿಂತಿದ್ದೆ.

ಒಳಗಿನಿಂದ ಅಣ್ಣ "ಹಾಕು" ಎಂದ.

ಹಾಕಿದೆ.

೨೯ ಆಗಸ್ಟ್, ಶನಿವಾರ

ರೈಲಿನಲ್ಲಿ ಅಣ್ಣ ಕಿಟಕಿಯ ಬಳಿ ಕೂತ. ಹೆಬ್ಬಾಳ ದಾಟುವವರೆಗೆ ನಾನು ಅವನ ಅಂಗಿಯ ತುದಿ ಹಿಡಿದಿದ್ದೆನೆಂದು ಇಳಿದ ಮೇಲೆ ತಿಳಿಯಿತು. ಬಟ್ಟೆ ಮುದುರಿತ್ತು.

ಡಾಕ್ಟರ್ ಹನ್ನೊಂದಕ್ಕೆ ಜೀಪಿನಲ್ಲಿ ಬಂದರು. ಆವಲಪ್ಪನವರೂ ಇದ್ದರು. ಚಿಕ್ಕಹನುಮಯ್ಯ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದರು. ಹೆಂಡತಿ ಹೊಲಕ್ಕೆ ಹೋಗಲಿ, ನೋಡೋಣ ಎಂದರು ಡಾಕ್ಟರ್. ಗೌರಮ್ಮ ಕುಡುಗೋಲು ತೆಗೆದುಕೊಂಡು ಹೋದಳು. ತಿರುಗಿ ನೋಡಲಿಲ್ಲ. ಅವಳು ನಡೆಯುವ ರೀತಿಯಲ್ಲಿ, ತಿರುಗಿ ನೋಡುತ್ತಿಲ್ಲ ಎಂಬುದು ಗೊತ್ತಾಗುತ್ತಿತ್ತು.

ಅವಳು ಬದು ದಾಟಿದ್ದೇ ಚಿಕ್ಕಹನುಮಯ್ಯ ಹೊಸ್ತಿಲಿನಿಂದ ಕೆಳಗಿಳಿದರು. ರೈಲು ಹಳಿ ಆ ಕಡೆಗೇ ಇದೆ. ಆವಲಪ್ಪನವರು ಫೈಲು ತೆರೆದರು.

ಅಣ್ಣ ಹೋಗಿ ಅವರ ಎದುರಿಗೆ ನಿಂತ.

"ಥಮ್. ಕೌನ್ ಹೈ?"

ಅಣ್ಣ ಮಾತಾಡಲಿಲ್ಲ. ಇದನ್ನು ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಡಾಕ್ಟರ್ ಗಡಿಯಾರ ನೋಡಿದರು. ಪಕ್ಕದ ದ್ರಾಕ್ಷಿ ತೋಟದಲ್ಲಿ ಯಾರೋ ಹಕ್ಕಿ ಓಡಿಸಲು ಡಬ್ಬ ಬಡಿಯುತ್ತಿದ್ದರು. "ಥಮ್. ಕೌನ್ ಹೈ?" ಎಂದು ಎರಡನೆಯ ಸಲ. ಮೂರನೆಯ ಸಲ ಕೇಳುವುದಿಲ್ಲ, ಗುಂಡು ಹಾರಿಸುತ್ತಾರೆ ಎಂದು ಪಿಳ್ಳಪ್ಪ ಹೇಳಿದ್ದರು. ಚಿಕ್ಕಹನುಮಯ್ಯನ ಕೈಯಲ್ಲಿದ್ದುದು ಕೋಲು. ಆದರೂ ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಬದ್ಲಿ," ಎಂದ ಅಣ್ಣ. ಧ್ವನಿ ನಮ್ಮ ಅಪ್ಪನದರಂತಿತ್ತು.

ಕೋಲು ಕೈ ಬದಲಾಯಿಸಿತು. ಮೂರು ಹೆಜ್ಜೆ, ಗೋಡೆ, ಚಾಚಿದ ಕಾಲು. ಡಾಕ್ಟರ್ ಎರಡು ಗಂಟೆ ಕಾದರು. ಕಾಲು ನೋಡಿದರು, ಹುಣ್ಣು ನೋಡಿದರು, ನಿದ್ದೆಯಲ್ಲಿದ್ದವರ ನಾಡಿ ನೋಡಿದರು. ಆಮೇಲೆ ಅಣ್ಣನ ಬಳಿ ಹೋಗಿ ಹೆಸರು, ನಂಬರು ಕೇಳಿದರು. ಆನಂದಪ್ಪ ಎಂದು ಹೇಳಿ, ಏಳಂಕಿಯ ನಂಬರನ್ನು ಒಂದೇ ಉಸಿರಿಗೆ ಹೇಳಿದ. ಆ ನಂಬರು ಅವನ ತಲೆಯಲ್ಲಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

"ಇವರ ಕಾರ್ಡ್ ಎಲ್ಲಿ?" ಎಂದು ಡಾಕ್ಟರ್ ಕೇಳಿದರು.

"ಇಲ್ಲ," ಎಂದೆ.

"ಯಾರ ಮನೆಯವರು?"

"ನಮ್ಮ ಮನೆಯವರು. ಅಣ್ಣ."

ಆವಲಪ್ಪನವರು ನನ್ನನ್ನು ನೋಡಿದರು. ರೇಷ್ಮೆ ಇಲಾಖೆಯಲ್ಲಿ ಹೀಗೆಲ್ಲ ಆಗುತ್ತಿರಲಿಲ್ಲವೇನೋ. ಡಾಕ್ಟರ್ ಏನನ್ನೋ ಬರೆದು ಸಹಿ ಮಾಡಿದರು. ಚಿಕ್ಕಹನುಮಯ್ಯ ಮನೆಯಲ್ಲೇ ಇರಬಹುದು. ಮಾರ್ಚಿನಲ್ಲಿ ಮತ್ತೆ ನೋಡುತ್ತಾರೆ.

ಗೌರಮ್ಮ ಒಂದೂವರೆಗೆ ಬಂದಳು. ಕುಡುಗೋಲಿಗೆ ಒಂದು ಎಳೆ ಹುಲ್ಲೂ ಅಂಟಿರಲಿಲ್ಲ.

"ಇಲ್ಲೇ ಇರಬಹುದಂತೆ," ಎಂದೆ.

"ಸರಿ," ಎಂದಳು. ಹೊಸ್ತಿಲ ಮೇಲೆ ಕೂತಳು. ಕುಡುಗೋಲನ್ನು ಪಕ್ಕಕ್ಕಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ, "ಮುದ್ದೆ ಕಟ್ತೀನಿ, ಉಂಡ್ಕಂಡ್ ಓಗಿ," ಎಂದಳು.

ಊಟಕ್ಕೆ ಕೂತಾಗ ಅಣ್ಣ ಇನ್ನೂ ಬಾಗಿಲಲ್ಲಿ ನಿಂತಿದ್ದ. ಬಾ ಎಂದೆ, ಬರಲಿಲ್ಲ. ಚಿಕ್ಕಹನುಮಯ್ಯ ಎದ್ದು ಬಂದು ಕೋಲು ತೆಗೆದುಕೊಂಡ ಮೇಲೆ ಬಂದು ಉಂಡ.

೩ ಸೆಪ್ಟೆಂಬರ್, ಗುರುವಾರ

ಆವಲಪ್ಪನವರು ಹೊಸ ಕಾರ್ಡು ಕೊಟ್ಟರು. ಅರ್ಜಿಯಲ್ಲಿ ಬರೆದ 'ಇಲ್ಲ' ಎಂಬುದರ ಬಗ್ಗೆ ವಿವರಣೆ ಕೇಳಿದರು. ಅವನು ಅವಲಂಬಿತನಲ್ಲ ಎಂದುಕೊಂಡಿದ್ದೆ, ಈಗ ನೋಡಿದರೆ ನಿಜಕ್ಕೂ ಅಲ್ಲ ಎಂದೆ. ಅದನ್ನೇ ಬರೆದು ಕೊಡಿ ಎಂದರು.

ಹದಿನೆಂಟನೆಯ ಮನೆ, ಮತ್ತಿಕೆರೆ. ಮುಂಬದಿ ಬೇಗ ತುಂಬಿತು. ಹಿಂಬದಿಯಲ್ಲಿ, ನೋಡಿಕೊಳ್ಳುವವರು: ಸುಬ್ಬಲಕ್ಷ್ಮಮ್ಮ, ತಂಗಿ, ವಯಸ್ಸು ನಲವತ್ತಮೂರು. ಕಷ್ಟಗಳು ಎಂಬ ಕಡೆ ಪೆನ್ನು ನಿಂತಿತು. ಮೂರು ರೈಲು ಹೋದವು. ಕೊನೆಗೆ 'ನನಗೇನು ಕಷ್ಟ' ಎಂದು ಬರೆದೆ.

ಅಪೂರ್ಣ ಎಂದು ಷರಾ ಬರೆದು ಹಿಂದಕ್ಕೆ ಕಳಿಸಿದ್ದಾರೆ.

೧೩ ಸೆಪ್ಟೆಂಬರ್, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಗೌರಮ್ಮ ಗಂಡನ ಜತೆ ಮನೆಗೆ ಬಂದಳು. ಸೊಪ್ಪು, ಅಲಸಂದೆಕಾಯಿ, ಕೋಲು ತಂದಿದ್ದರು.

"ಅಣ್ಣಾವ್ರು ಒಂದ್ ದಿನ ಕೊಟ್ಟವ್ರೆ. ಮುಯ್ಯಿ ತೀರಿಸ್ಬೇಕಲ್ಲ."

ಅಣ್ಣನನ್ನು ಯಾರೂ ಕಾಯಬೇಕಾಗಿಲ್ಲ ಎಂದೆ.

"ಗೊತ್ತು. ಅಜ್ಜಿ ಏಳುದ್ರು." ಅವಳು ಬಾಗಿಲಿನ ಕೀಲನ್ನು ಒಂದು ಸಲ ನೋಡಿದಳು. "ಅಂಗಾರೆ ಈ ದಿನ ನಿಮ್ದು. ಎಲ್ಲಿಗಾನ ಓಗಿ ಬನ್ನಿ. ನಾವ್ ಇರ್ತೀವಿ."

ಹೋಗುವ ಕಡೆ ಯಾವುದೂ ಇಲ್ಲ ಎಂದೆ. ಅದು ಮುಯ್ಯಾಳಿಗೆ ಸಂಬಂಧಪಟ್ಟ ವಿಷಯವಲ್ಲ ಎಂಬಂತೆ ಅವಳು ಒಳಗೆ ಹೋಗಿ ಅಲಸಂದೆಕಾಯಿ ಬಿಡಿಸತೊಡಗಿದಳು.

ಹೊರಟೆ. ಕಾಲು ತಾನಾಗಿ ಯಶವಂತಪುರಕ್ಕೆ ಹೋಯಿತು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆ. ಯಲಹಂಕದ ರೈಲು ಬಂತು, ಹೋಯಿತು. ಅದನ್ನು ಹತ್ತದೆ ನೋಡಿದ್ದು ಇದೇ ಮೊದಲು, ಹೊರಗಿನಿಂದ ಅದು ಬಹಳ ಚಿಕ್ಕದು. ಮಾರುಕಟ್ಟೆಯ ಬೀದಿಯಲ್ಲಿ ಸುಮ್ಮನೆ ನಡೆದೆ. ಒಂದು ಬಳೆಯಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಏನು ಬೇಕು ಎಂದು ಕೇಳಿದರು, ಗೊತ್ತಿಲ್ಲ ಎಂದೆ. ಅವರು ಅದನ್ನು ಸಹಜವಾಗಿ ತೆಗೆದುಕೊಂಡರು. ಹುರಿದ ಕಡಲೆಕಾಯಿ ಕೊಂಡೆ.

ನಾಲ್ಕು ಗಂಟೆಗೆ ಹಿಂದಿರುಗಿದೆ. ಬಾಗಿಲು ಒಳಗಿನಿಂದ ಹಾಕಿತ್ತು. ಕೈ ಅಭ್ಯಾಸದಂತೆ ಸೊಂಟದಲ್ಲಿ ಕೀಲಿ ಹುಡುಕಿತು. ಆಮೇಲೆ ಬಾಗಿಲು ತಟ್ಟಿದೆ.

"ಥಮ್. ಕೌನ್ ಹೈ?"

ಹೆಸರು ಹೇಳಲು ಬಾಯಿ ತೆರೆದೆ. ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಬಿಟ್ಟು ಬೇರೇನೂ ಇರಲಿಲ್ಲ.

"ಬದ್ಲಿ," ಎಂದೆ.

ಒಳಗೆ ಅಗುಳಿ ಸರಿದ ಸದ್ದು. ಬಾಗಿಲು ತೆರೆಯಿತು. ಚಿಕ್ಕಹನುಮಯ್ಯ ನನ್ನ ಮುಖ ನೋಡಿದರು, ಕೈ ನೋಡಿದರು. ಕೋಲನ್ನು ನನಗೆ ಕೊಟ್ಟರು. ಮೂರು ಹೆಜ್ಜೆ ಒಳಗೆ ಹೋಗಿ ನಮ್ಮ ಮನೆಯ ಗೋಡೆಗೆ ಒರಗಿ ಕೂತು ಕಾಲು ಚಾಚಿದರು.

ಹೊಸ್ತಿಲಲ್ಲಿ ನಿಂತೆ. ಬೀದಿಯವರು ನೋಡಿಕೊಂಡು ಹೋದರು. ಖಾದರ್ ಬಾಷಾ ಕೈ ಎತ್ತಿದರು. ಐದೂವರೆಗೆ ಅಣ್ಣ ಅಂಗಡಿಯಿಂದ ಬಂದು ಬದಲಾಯಿಸುವವರೆಗೆ ನಿಂತಿದ್ದೆ.